ಏಳನೇ ಹಾಸಿಗೆಯ ಇಪ್ಪತ್ತು

ಆ ಮಧ್ಯಾಹ್ನ ಡ್ಯೂಟಿ ಡಾಕ್ಟರಿಗೆ ಫೋನಿನಲ್ಲಿ ನಾನು ಹೇಳಿದ ಮಾತು ನನಗೆ ಎರಡು ಬಗೆಯಲ್ಲಿ ನೆನಪಿದೆ. ಒಂದರಲ್ಲಿ ನಾನು, 'ಇವತ್ತಿನದು ಎಣಿಸಿದ್ದಲ್ಲ ಸರ್' ಎನ್ನುತ್ತೇನೆ. ಇನ್ನೊಂದರಲ್ಲಿ, 'ಎರಡೂ ಎಣಿಸಿದ್ದಲ್ಲ ಸರ್' ಎನ್ನುತ್ತೇನೆ. ಎರಡರಲ್ಲೂ ಫೋನಿನ ವೈರು ನನ್ನ ಬೆರಳಿಗೆ ಸುತ್ತಿಕೊಂಡಿದೆ, ಎರಡರಲ್ಲೂ ನನ್ನ ದನಿ ಒಂದೇ. ಮೊದಲನೆಯದು ನಿಜವಾಗಿರಲಿ ಎಂದು ನನಗೆ ಆಸೆಯಿದೆ. ಆಸೆಯಿರುವ ಕಡೆ ನೆನಪನ್ನು ನಂಬಬಾರದು ಎಂಬುದಷ್ಟೇ ನನಗೆ ಖಚಿತವಾಗಿ ಗೊತ್ತು.

ನಾನಾಗ ಬಿ.ಎಸ್ಸಿ. ನರ್ಸಿಂಗ್ ಎರಡನೇ ವರ್ಷದಲ್ಲಿದ್ದೆ. ಅದಕ್ಕೂ ಮುಂಚೆ ಹೊನ್ನಾಳಿಯ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರದ ಅತಿಥಿ ಉಪನ್ಯಾಸಕನಾಗಿದ್ದೆ. ಪ್ರವೇಶಕ್ಕೆ ಮೂವತ್ತೈದು ವಯಸ್ಸಿನ ಮಿತಿ. ನಾನು ಸೇರುವಾಗ ಆ ಮಿತಿಗೆ ಹನ್ನೊಂದು ತಿಂಗಳು ಬಾಕಿಯಿತ್ತು. ಹೆಂಡತಿ ಜಗಳೂರಿನಲ್ಲಿ ಶಾಲಾ ಶಿಕ್ಷಕಿ. ನಾನು ಚನ್ನಗಿರಿಯಲ್ಲಿ ಒಂದು ಕೋಣೆ ಹಿಡಿದಿದ್ದೆ. ಭಾನುವಾರಗಳಲ್ಲಿ ಮಾತ್ರ ನಾವು ಗಂಡ ಹೆಂಡತಿ. ಇಲ್ಲಿ ಹೇಳುತ್ತಿರುವುದು ನಮ್ಮ ಕಾಲೇಜಿಗೆ ಸೇರಿದ ಟ್ರಸ್ಟ್ ಆಸ್ಪತ್ರೆಯೊಂದರಲ್ಲಿ ನಡೆದದ್ದು. ಅದು ಯಾವ ಊರಿನದೆಂದು ಹೇಳುವುದಿಲ್ಲ, ತಪ್ಪು ಆಸ್ಪತ್ರೆಯದಲ್ಲ.

ತರಗತಿಯಲ್ಲಿ ಉಳಿದವರಿಗೆಲ್ಲ ಹತ್ತೊಂಬತ್ತು, ಇಪ್ಪತ್ತು ವಯಸ್ಸು. ಅವರಿಗೆ ನಾನು 'ಅಂಕಲ್'. ಕೆಟ್ಟ ಮಕ್ಕಳಲ್ಲ. ನಾನು ಬಂದು ಕೂತರೆ ಮಾತು ಬದಲಿಸುತ್ತಿದ್ದರು, ಅಷ್ಟೇ. ಆದ್ದರಿಂದ ಊಟದ ಹೊತ್ತಿಗೆ ನಾನೇ ಎದ್ದು ಹೋಗಿ, ಹಿಂಬದಿಯ ಮೆಟ್ಟಿಲ ಮೇಲೆ, ಒಗೆದ ಬೆಡ್‌ಶೀಟು ಒಣಹಾಕುವ ಕಡೆ, ಡಬ್ಬಿ ಬಿಚ್ಚುತ್ತಿದ್ದೆ. ಒಬ್ಬಳು ಮಾತ್ರ ನನ್ನನ್ನು 'ಸರ್' ಎನ್ನುತ್ತಿದ್ದಳು. ನ್ಯಾಮತಿಯ ಆಚೆ, ಸೂರಗೊಂಡನಕೊಪ್ಪದ ಹತ್ತಿರದ ಹಳ್ಳಿಯವಳು. ಅವಳ ಅಕ್ಕ ಹೊನ್ನಾಳಿಯಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದಳಂತೆ. ನನಗೆ ಆ ಅಕ್ಕನ ಮುಖ ನೆನಪಿಲ್ಲ. ಈ ಹುಡುಗಿ ಕೆಲವೊಮ್ಮೆ ಮೆಟ್ಟಿಲ ಬಳಿ ಬಂದು, 'ಸರ್, ಉಪ್ಪಿನಕಾಯಿ ಐತೆ, ಹಾಕ್ಲಾ?' ಎಂದು ಕೇಳಿ, ಹಾಕಿ ಹೋಗುತ್ತಿದ್ದಳು. ಎರಡು ವರ್ಷದಲ್ಲಿ ಆ ಕಾಲೇಜಿನಲ್ಲಿ ನನಗಿದ್ದ ಸ್ನೇಹವೆಂದರೆ ಅಷ್ಟು.

ಬೆಳಗಿನ ಪಾಳಿ ಎಂಟಕ್ಕೆ ಶುರು. ಮಹಿಳೆಯರ ವಾರ್ಡಿನಲ್ಲಿ ಹನ್ನೆರಡು ಹಾಸಿಗೆ. ವಿದ್ಯಾರ್ಥಿಯ ಮೊದಲ ಕೆಲಸ ಪ್ರತಿ ರೋಗಿಯ ಜ್ವರ, ನಾಡಿ, ಉಸಿರು, ರಕ್ತದೊತ್ತಡ ನೋಡಿ ಕೇಸ್ ಶೀಟಿನಲ್ಲಿ ಬರೆಯುವುದು. ಜ್ವರಕ್ಕೆ ಥರ್ಮಾಮೀಟರು, ಒತ್ತಡಕ್ಕೆ ಯಂತ್ರ, ನಾಡಿಗೆ ಮಣಿಕಟ್ಟು. ಉಸಿರಿಗೆ ಮಾತ್ರ ಸಾಧನವಿಲ್ಲ. ರೋಗಿಗೆ ಗೊತ್ತಾಗದಂತೆ, ಎದೆ ಏಳುವುದನ್ನೂ ಇಳಿಯುವುದನ್ನೂ ನೋಡುತ್ತ ಒಂದು ಪೂರ್ತಿ ನಿಮಿಷ ಎಣಿಸಬೇಕು. ಗೊತ್ತಾದರೆ ಅವರ ಉಸಿರಿನ ಲಯವೇ ಬದಲಾಗುತ್ತದೆ.

ಗಂಡಸು, ಅದೂ ಮೂವತ್ತಾರರ ಗಂಡಸು, ಅಪರಿಚಿತ ಹೆಂಗಸಿನ ಎದೆಯನ್ನು ಒಂದು ನಿಮಿಷ ಕಣ್ಣು ಕೀಳದೆ ನೋಡುವುದು ನನ್ನಿಂದ ಆಗುತ್ತಿರಲಿಲ್ಲ. ನಾನು ನೋಡತೊಡಗಿದರೆ ಅವರ ಕೈ ತಾನಾಗಿ ಸೆರಗಿಗೆ ಹೋಗುತ್ತಿತ್ತು. ಒಮ್ಮೆ ಒಬ್ಬಾಕೆಯ ಗಂಡ ಪಕ್ಕದ ಸ್ಟೂಲಿನಿಂದ ಎದ್ದು ನಿಂತೇಬಿಟ್ಟಿದ್ದ. ಆಮೇಲೆ ನಾನು ನಾಡಿ ಎಣಿಸಿ, ಕಣ್ಣು ಕಿಟಕಿಯ ಕಡೆ ತಿರುಗಿಸಿ, ಉಸಿರಿನ ಕಾಲಮ್ಮಿನಲ್ಲಿ ಇಪ್ಪತ್ತು ಎಂದು ಬರೆಯತೊಡಗಿದೆ. ಆರೋಗ್ಯವಂತರ ಉಸಿರು ಸುಮಾರು ಹನ್ನೆರಡರಿಂದ ಇಪ್ಪತ್ತು. ಇಪ್ಪತ್ತು ಬರೆದರೆ ಯಾರೂ ಪ್ರಶ್ನೆ ಕೇಳುವುದಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಹಳೆಯ ಕೇಸ್ ಶೀಟುಗಳನ್ನು ತಿರುವಿದಾಗ ಇಪ್ಪತ್ತರ ಹಿಂದೆ ಇಪ್ಪತ್ತು ಸಾಲುಗಟ್ಟಿರುವುದನ್ನು ನಾನು ಮೊದಲ ವಾರವೇ ಗಮನಿಸಿದ್ದೆ. ಹತ್ತು ವರ್ಷ ಅಂಕಿಗಳನ್ನು ಅನುಮಾನಿಸಲು ಕಲಿಸಿದವನಿಗೆ ಅದು ಕಾಣದಿರಲು ಸಾಧ್ಯವಿರಲಿಲ್ಲ. 'ಇಡೀ ವಾರ್ಡು ಭಜನೆ ಮಂಡಳಿ ಥರ ಒಟ್ಟಿಗೇ ಉಸಿರಾಡ್ತದೆ ನೋಡು' ಎಂದು ಹೆಂಡತಿಗೆ ಫೋನಿನಲ್ಲಿ ಹೇಳಿ ನಕ್ಕಿದ್ದೆ. ಅವಳು, 'ಮತ್ತೆ ನೀವೇನು ಬರೀತೀರಿ?' ಎಂದು ಕೇಳಿದಳೋ ಇಲ್ಲವೋ ಸರಿಯಾಗಿ ನೆನಪಿಲ್ಲ. ಕೇಳಿದ್ದರೆ ನಾನು ಬೇರೆ ಮಾತೆತ್ತಿರುತ್ತೇನೆ.

ಏಳನೇ ಹಾಸಿಗೆಗೆ ಬಂದದ್ದು ಜಗಳೂರು ತಾಲ್ಲೂಕಿನ ಸೊಕ್ಕೆಯ ಹೆಂಗಸು. ಐವತ್ತೆಂಟು ವಯಸ್ಸು, ಹತ್ತು ವರ್ಷದ ಸಕ್ಕರೆ ಕಾಯಿಲೆ. ಸೂಳೆಕೆರೆ ಪಕ್ಕದ ಹಳ್ಳಿಯಲ್ಲಿರುವ ಮಗಳ ಮನೆಗೆ ಬಂದವರು, ಕಾಲುವೆಯಲ್ಲಿ ನಿಂತು ಕಪ್ಪೆಚಿಪ್ಪು ತುಳಿದು, ಅಂಗಾಲು ಕೊಯ್ದುಕೊಂಡು, ಎಂಟು ದಿನ ಅರಿಶಿನ ಕಟ್ಟಿಕೊಂಡು ಓಡಾಡಿದ್ದರು. ದಾಖಲಾದಾಗ ಪಾದ ಬಾತು ಹೊಳೆಯುತ್ತಿತ್ತು.

'ಕಾಲುವೆಗೆ ಯಾಕಮ್ಮಾ ಇಳಿದ್ರಿ?' ಎಂದು ಕೇಳಿದ್ದಕ್ಕೆ, 'ನಮ್ಮೂರಾಗೆ ನೀರು ಅಂದ್ರೆ ಬೋರಿನ ಪೈಪಿನಾಗೆ ಬರೋದು, ಡಾಕ್ಟ್ರೇ. ಇಲ್ಲಿ ಅಷ್ಟಗಲ ಹರೀತೈತೆ. ಕಾಲು ಇಡದೆ ಹೆಂಗೆ ಇರ್ಲಿ?' ಎಂದರು.

'ನಾನು ಡಾಕ್ಟರಲ್ಲಮ್ಮ. ನರ್ಸಿಂಗ್ ಓದ್ತಿದ್ದೀನಿ.'

ಆಕೆ ನನ್ನ ಕಿವಿಯ ಪಕ್ಕದ ನರೆಗೂದಲನ್ನು ನೋಡಿದರು. 'ಈ ವಯಸ್ಸಿನಾಗೆ? ಎಷ್ಟು ಸಲ ಫೇಲಾಗಿದ್ರಿ?'

ಪಕ್ಕದ ಹಾಸಿಗೆಯವರೂ ನಕ್ಕರು. ನಾನೂ ನಕ್ಕೆ. ಆ ವಾರ ನಾನು ನಕ್ಕದ್ದು ಅದೊಂದೇ ಸಲ ಇರಬೇಕು.

ಆಕೆ ಬಂದ ಮರುದಿನ ಬೆಳಗ್ಗೆ ವಾರ್ಡಿನ ಪಾಳಿ ನ್ಯಾಮತಿ ಹುಡುಗಿಯದು. ಏಳನೇ ಹಾಸಿಗೆಯ ಶೀಟಿನಲ್ಲಿ ಉಸಿರು ಇಪ್ಪತ್ತು ಎಂದು ಅವಳ ಗುಂಡು ಅಕ್ಷರದಲ್ಲಿತ್ತು. ಅದರ ಮರುದಿನ ಪಾಳಿ ನನ್ನದು. ಅದರ ಪಕ್ಕದ ಚೌಕದಲ್ಲಿ ನಾನೂ ಇಪ್ಪತ್ತು ಬರೆದೆ. ಜ್ವರ ತೊಂಬತ್ತೊಂಬತ್ತು, ನಾಡಿ ನೂರೆಂಟು. ನಾಡಿ ಎಣಿಸಿದ್ದು ನೆನಪಿದೆ, ಆಕೆಯ ಬಳೆ ಮೇಲೆ ಸರಿಸಿದ್ದೂ ನೆನಪಿದೆ. ಉಸಿರಿನ ನೆನಪು ಹುಡುಕಿದರೆ ಅಲ್ಲಿ ಏನೂ ಇಲ್ಲ.

ರೌಂಡ್ಸಿಗೆ ಬಂದ ಡಾಕ್ಟರು ಶೀಟು ನೋಡಿ, ಸಕ್ಕರೆಗೆ ಇನ್ಸುಲಿನ್ ಪ್ರಮಾಣ ಏರಿಸಿ, ಉಳಿದ ಔಷಧಿ ಹಾಗೆಯೇ ಮುಂದುವರಿಸಲು ಬರೆದು ಹೋದರು. ಹನ್ನೆರಡೂವರೆಗೆ ನಾನೂ ಇನ್‌ಚಾರ್ಜ್ ಸಿಸ್ಟರೂ ಸೇರಿ ಕಾಲಿನ ಡ್ರೆಸ್ಸಿಂಗ್ ಮಾಡಿದೆವು. ಸತ್ತ ಚರ್ಮ ಕತ್ತರಿಸುವಾಗ ಆಕೆ ಹಲ್ಲು ಕಚ್ಚಿ ಮಂಚದ ಸರಳು ಹಿಡಿದುಕೊಂಡಿದ್ದರು. ಮಗಳು ಊಟ ತರಲು ಹೋಗಿದ್ದಳು.

ಒಂದೂವರೆಯ ಸುಮಾರಿಗೆ ನೀರು ಕೊಡಲು ಹೋದೆ. ಅದು ನಾಲ್ಕನೆಯ ಲೋಟವೆಂದು ಪಕ್ಕದ ಹಾಸಿಗೆಯವರು ಹೇಳಿದರು. ಆಕೆ ನನ್ನ ಜೊತೆ ಏನೋ ಮಾತು ಶುರು ಮಾಡಿದರು. 'ನಮ್ಮ ಮೆಕ್ಕೆಜೋಳ' ಎಂದು ನಿಂತು ಉಸಿರೆಳೆದುಕೊಂಡರು. 'ಒಕ್ಕೋ ಹೊತ್ತಿಗೆ' ಎಂದು ಮತ್ತೆ ನಿಂತರು. 'ನಾನು ಊರಿಗೆ' ಎಂದು ಮತ್ತೆ. ಬೆಳಗ್ಗೆ ಒಂದೇ ಉಸಿರಿನಲ್ಲಿ ನನ್ನನ್ನು ಗೇಲಿ ಮಾಡಿದ್ದವರು. ಅಥವಾ ಆ ಗೇಲಿ ಹಿಂದಿನ ದಿನದ್ದೋ; ಈಗ ಬರೆಯುವಾಗ ಅನುಮಾನ ಬರುತ್ತಿದೆ. ಬೆರಳಿಗೆ ಆಮ್ಲಜನಕದ ಕ್ಲಿಪ್ ಹಾಕಿದೆ. ತೊಂಬತ್ತೇಳು. ಅದು ಚೆನ್ನಾಗಿಯೇ ಇತ್ತು, ಅದಕ್ಕೇ ಒಂದು ಕ್ಷಣ ಸಮಾಧಾನವಾಯಿತು. ಆದರೆ ಉಸಿರು ಬರಿಯ ವೇಗವಲ್ಲ, ಆಳವಾಗಿತ್ತು. ಓಡಿಬಂದವರ ಹಾಗೆ, ಮಲಗಿದಲ್ಲೇ.

ಇನ್‌ಚಾರ್ಜ್ ಸಿಸ್ಟರನ್ನು ಕರೆದೆ. ಮೂವತ್ತು ವರ್ಷ ಸರ್ವೀಸು ಮಾಡಿದ ಹೆಂಗಸು. ನನ್ನನ್ನು ಮೊದಲ ದಿನದಿಂದ 'ಮೇಷ್ಟ್ರೇ' ಎಂದೇ ಕರೆಯುತ್ತಿದ್ದರು.

'ಎಣಿಸಿದ್ರೇನ್ರೀ?'

ನಾನು ಕಿಟಕಿಯ ಕಡೆ ನೋಡಿದೆ.

'ಎದೆ ಯಾಕೆ ನೋಡ್ತೀರಿ ಮೇಷ್ಟ್ರೇ, ಅದಕ್ಕೇ ನಿಮಗೆ ನಾಚಿಕೆ. ಇಲ್ಲಿ ನೋಡ್ರಿ.' ಸಿಸ್ಟರು ರೋಗಿಯ ಬಲಗೈಯನ್ನು ಎತ್ತಿ ಅವರದೇ ಹೊಟ್ಟೆಯ ಮೇಲಿಟ್ಟು, ನಾಡಿ ನೋಡುವವರಂತೆ ಮಣಿಕಟ್ಟು ಹಿಡಿದರು. 'ಕೈ ಏಳ್ತೈತೆ, ಇಳೀತೈತೆ. ಕೈ ನೋಡ್ರಿ ಸಾಕು. ಅವರಿಗೂ ಗೊತ್ತಾಗಲ್ಲ, ನಿಮಗೂ ಸಂಕೋಚ ಇಲ್ಲ.'

ಒಂದೂವರೆ ವರ್ಷದಿಂದ ಯಾರನ್ನೂ ಕೇಳದೆ ಹೊತ್ತು ತಿರುಗಿದ್ದ ತೊಡಕು ಅರ್ಧ ನಿಮಿಷದಲ್ಲಿ ಬಿಚ್ಚಿಹೋಯಿತು. ನಾವಿಬ್ಬರೂ ಗಡಿಯಾರ ನೋಡುತ್ತ ಎಣಿಸಿದೆವು. ಮೂವತ್ತನಾಲ್ಕು.

ಸಿಸ್ಟರು ಶೀಟು ನೋಡಿದರು. 'ನಿನ್ನೆ ಇಪ್ಪತ್ತು, ಬೆಳಿಗ್ಗೆ ಇಪ್ಪತ್ತು. ಈಗ ಡ್ರೆಸ್ಸಿಂಗ್ ಆಗೈತಲ್ಲ, ನೋವಿಗೆ ಹಿಂಗಾಗೈತೆ' ಎಂದು, ನೋವಿನ ಇಂಜೆಕ್ಷನ್ ಕೇಳಲು ಹೆರಿಗೆ ಕೋಣೆಯಲ್ಲಿದ್ದ ಡ್ಯೂಟಿ ಡಾಕ್ಟರಿಗೆ ಇಂಟರ್‌ಕಾಮ್ ಹಚ್ಚಿ ನನ್ನ ಕೈಗೆ ಕೊಟ್ಟರು. ಡಾಕ್ಟರು ಕೇಳಿದ್ದೂ ಅದನ್ನೇ.

'ಬೆಳಿಗ್ಗೆ ಎಷ್ಟಿತ್ತು?'

'ಇಪ್ಪತ್ತು ಅಂತಿದೆ ಸರ್.'

'ನಿನ್ನೆ?'

'ಇಪ್ಪತ್ತು.'

'ಡ್ರೆಸ್ಸಿಂಗ್ ನೋವು ಕಣ್ರೀ. ಇಂಜೆಕ್ಷನ್ ಕೊಡಿ. ಒಂದು ಗಂಟೆ ಬಿಟ್ಟು ಎಣಿಸಿ ಹೇಳಿ. ನನಗಿಲ್ಲಿ ಒಂದು ಹೆರಿಗೆ ಕಷ್ಟದಾಗೈತೆ.'

ಅವರ ತರ್ಕದಲ್ಲಿ ತಪ್ಪಿರಲಿಲ್ಲ. ಎರಡು ದಿನ ಇಪ್ಪತ್ತರಲ್ಲಿ ನಿಂತಿದ್ದ ಉಸಿರು ನೋವಿನ ಬೆನ್ನಲ್ಲೇ ಏರಿದರೆ, ನೋವೇ ಕಾರಣ. ಆ ಲೆಕ್ಕವನ್ನು ಹಾಗೆ ನಿಲ್ಲಿಸಿದ್ದು ನನ್ನ ಇಪ್ಪತ್ತು. ಅದು ಅಲ್ಲಿರುವವರೆಗೆ ಮೂವತ್ತನಾಲ್ಕಕ್ಕೆ ಬೆಲೆಯಿರಲಿಲ್ಲ. ಸುಮ್ಮನಿದ್ದು, ಒಂದು ಗಂಟೆಯ ನಂತರ ಇನ್ನೊಂದು ಅಂಕಿ ಬರೆದಿದ್ದರೆ, ಆಕೆಗೆ ಏನಾದರೂ ಅದು 'ಇದ್ದಕ್ಕಿದ್ದಂತೆ' ಆದದ್ದು ಎಂದು ಎಲ್ಲರೂ ನಂಬುತ್ತಿದ್ದರು. ನನ್ನ ಕೋರ್ಸು ಉಳಿಯುತ್ತಿತ್ತು. ಇದನ್ನು ನಾನು ಆಗ ಯೋಚಿಸಿದೆನೋ, ಆಮೇಲೆ ನನ್ನನ್ನು ಒಳ್ಳೆಯವನನ್ನಾಗಿ ಮಾಡಿಕೊಳ್ಳಲು ಸೇರಿಸಿದೆನೋ ತಿಳಿಯದು. ಫೋನು ಇಡಲಿಲ್ಲ ಎಂಬುದು ನಿಜ. ಆಗಲೇ ಆ ಮಾತು ಹೇಳಿದೆ, ಇವತ್ತಿನದೊಂದೋ, ಎರಡೂನೋ.

ಡಾಕ್ಟರು, 'ಸಕ್ಕರೆ ನೋಡಿ. ಮೂತ್ರದಲ್ಲಿ ಕೀಟೋನ್ ನೋಡಿ. ಬಂದೆ' ಎಂದರು.

ಸಕ್ಕರೆ ನೋಡುವ ಯಂತ್ರ ಅಂಕಿ ತೋರಿಸಲಿಲ್ಲ. ತನ್ನ ಅಳತೆಗೆ ಮೀರಿದೆ ಎಂದು ಅಕ್ಷರ ತೋರಿಸಿತು. ಮೂತ್ರದಲ್ಲಿ ಅದ್ದಿದ ಪಟ್ಟಿ ಕಡು ನೇರಳೆಯಾಯಿತು, ಕೀಟೋನ್ ವಿಪರೀತವಿದೆ ಎಂದು. ಕಾಲಿನ ಸೋಂಕಿನಿಂದ ಸಕ್ಕರೆ ಕೆರಳಿ ರಕ್ತ ಹುಳಿಯಾಗಿತ್ತು. ಆ ಹುಳಿಯನ್ನು ಹೊರಹಾಕಲು ದೇಹ ಹಾಗೆ ಉಸಿರಾಡುತ್ತಿತ್ತು. ಡಾಕ್ಟರು ಬಂದವರೇ ಎರಡೂ ಕೈಗೆ ಡ್ರಿಪ್ ಹಾಕಿಸಿ, ಇನ್ಸುಲಿನ್ ಶುರುಮಾಡಿಸಿ, ದಾವಣಗೆರೆಗೆ ಕಳಿಸಲು ಬರೆದರು. ಎರಡೂಮುಕ್ಕಾಲಿಗೆ ಆಂಬುಲೆನ್ಸ್ ಹೊರಟಿತು. ಊಟದ ಡಬ್ಬಿ ಹಿಡಿದುಕೊಂಡು ಬಂದ ಮಗಳು ಡಬ್ಬಿಯ ಸಮೇತ ಹತ್ತಿದಳು. ಹಿಂಬಾಗಿಲು ಮುಚ್ಚುವಾಗ ಆಕೆ ನನ್ನನ್ನು ನೋಡಿದರು. ಮಾತಿಗೆ ಉಸಿರಿರಲಿಲ್ಲ.

ಸಿಸ್ಟರು ಅಂದೇ ವರದಿ ಬರೆದರು. 'ನಿಮ್ಮ ಮಾತೇ ಬರೆದೀನಿ, ನನ್ನದೇನೂ ಸೇರ್ಸಿಲ್ಲ' ಎಂದರು. ಮರುದಿನ ಪ್ರಾಂಶುಪಾಲರು ತಮ್ಮ ಕೋಣೆಯಲ್ಲಿ ಅದನ್ನು ನನಗೆ ಓದಿ ಹೇಳಿದರು. ಎರಡೂ ದಿನದ ಉಸಿರಿನ ಅಂಕಿ ಎಣಿಸಿದ್ದಲ್ಲವೆಂದು ವಿದ್ಯಾರ್ಥಿ ಒಪ್ಪಿಕೊಂಡಿದ್ದಾನೆ ಎಂದು ಅದರಲ್ಲಿತ್ತು.

ನ್ಯಾಮತಿ ಹುಡುಗಿ ನನ್ನ ಪಕ್ಕದಲ್ಲೇ ನಿಂತಿದ್ದಳು. 'ನಾನು ಎಣಿಸೀನಿ ಮೇಡಂ' ಎಂದಳು. 'ಇಪ್ಪತ್ತೇ ಬಂತು, ಇಪ್ಪತ್ತೇ ಬರ್ದೆ.'

ಪ್ರಾಂಶುಪಾಲರು ನನ್ನ ಕಡೆ ತಿರುಗಿದರು. ಅವಳು ಎಣಿಸಿದ್ದನ್ನಾಗಲಿ ಎಣಿಸದಿದ್ದನ್ನಾಗಲಿ ನಾನು ಕಂಡಿಲ್ಲ ಎಂದು ಹೇಳಿದೆ. 'ಹಾಗಾದರೆ ನಿನ್ನೆ ಹೇಗೆ ಹೇಳಿದಿರಿ?' ಎಂದರು. ನಿಜ ಹೇಳಬೇಕೆಂದರೆ, ಅವಳ ಮಾತನ್ನು ನಾನು ನಂಬಿರಲಿಲ್ಲ. ನಾನು ಎಣಿಸದವನು, ಹಾಗಾಗಿ ಯಾರೂ ಎಣಿಸುವುದಿಲ್ಲ. ಇದನ್ನು ಅನುಮಾನಿಸುವ ಬುದ್ಧಿ ಎಂದು ತಿಳಿದುಕೊಂಡಿದ್ದೆ. ಇಬ್ಬರಿಗೂ ಹದಿನೈದು ದಿನದ ವಾರ್ಡ್ ಪೋಸ್ಟಿಂಗ್ ರದ್ದಾಯಿತು, ರಜೆಯಲ್ಲಿ ಮತ್ತೆ ಮಾಡಬೇಕು, ಅವಳ ತಂದೆಯನ್ನು ಕರೆಸಬೇಕು ಎಂದಾಯಿತು. ನನಗೆ ಕರೆಸಲು ತಂದೆಯಿಲ್ಲ, ಕರೆಸುವ ವಯಸ್ಸೂ ಅಲ್ಲ.

ಅವಳ ತಂದೆ ಎರಡು ಬಸ್ ಬದಲಿಸಿ ಬಂದಿದ್ದರು. ಜಗುಲಿಯ ಬೆಂಚಿನಲ್ಲಿ ಟವೆಲ್ಲು ಮಡಿಚಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನನ್ನನ್ನು ಕಂಡು ಎದ್ದು ನಿಂತರು. ನನಗಿಂತ ಹತ್ತು ವರ್ಷ ದೊಡ್ಡವರಿರಬಹುದು.

'ನೀವೇನ್ರಿ ಹೊನ್ನಾಳಿ ಮೇಷ್ಟ್ರು? ನಮ್ಮ ದೊಡ್ಡ ಹುಡ್ಗಿ ನಿಮ್ಮ ಹೆಸರು ಹೇಳ್ತಿದ್ಲು.'

'ಹೌದು.'

'ನೀವು ಓದಿದೋರು. ನಂಗೆ ತಿಳಿಯಾಕಿಲ್ಲ, ಅದಕ್ಕೆ ಕೇಳ್ತೀನಿ, ಬ್ಯಾಸರ ಮಾಡ್ಕಬ್ಯಾಡ್ರಿ. ನಮ್ಮ ಹುಡ್ಗಿ ಎಣಿಸ್ಲಿಲ್ಲ ಅಂತ ನೀವು ಕಣ್ಣಾರೆ ನೋಡಿದ್ರಾ?'

'ಇಲ್ಲ.'

'ನೋಡಿಲ್ಲ' ಎಂದು ತಮಗೆ ತಾವೇ ಹೇಳಿಕೊಂಡು, ಟವೆಲ್ಲು ಹೆಗಲಿಗೆ ಹಾಕಿಕೊಂಡು, ಮತ್ತೆ ಕೂತರು. ಜಗಳ ಮಾಡಿದ್ದರೆ ನನಗೆ ಹಗುರವಾಗುತ್ತಿತ್ತು.

ತರಗತಿಯಲ್ಲಿ ನನ್ನ ಜೊತೆ ಮಾತು ನಿಂತಿತು. ಒಬ್ಬ ಹುಡುಗಿ ಮಾತ್ರ ಎದುರಿಗೇ ಹೇಳಿದಳು: 'ನಿಮ್ಮ ತಪ್ಪು ನೀವು ಹೇಳ್ಕಂಡ್ರೆ ಸಾಕಾಗಿತ್ತು ಅಂಕಲ್. ಅವಳದ್ದು ಯಾಕೆ ಹೇಳಾಕೆ ಹೋದ್ರಿ?' ಕಾಲೇಜು ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ ಇರುತ್ತಿತ್ತು. ನಿಂತು ಬರುವವರಿದ್ದರೂ ಖಾಲಿ. ಮೆಟ್ಟಿಲ ಮೇಲೆ ಊಟ ಮಾಡುವುದು ಮೊದಲು ನನ್ನ ಆಯ್ಕೆಯಾಗಿತ್ತು. ಈಗ ಬೇರೆ ಜಾಗವಿರಲಿಲ್ಲ. ಕೋಣೆಗೆ ಬಂದರೆ, ದಿನವಿಡೀ ನಾನು ಆಡಿದ ಮಾತುಗಳನ್ನು ಎಣಿಸಬಹುದು ಅನ್ನಿಸುತ್ತಿತ್ತು. ಕೆಲವು ದಿನ ಎಣಿಸಿದೆ ಕೂಡ. ಬಸ್ ಕಂಡಕ್ಟರಿಗೆ ಹೇಳಿದ ಊರಿನ ಹೆಸರೂ ಸೇರಿ ಹತ್ತು ದಾಟುತ್ತಿರಲಿಲ್ಲ.

ಕೋರ್ಸು ಬಿಡುವ ಯೋಚನೆ ಬಂತು. ಒಂದು ಭಾನುವಾರ ಜಗಳೂರಿಗೆ ಹೋದಾಗ ಹೆಂಡತಿಗೆ ಹೇಳಿದೆ. ಅವಳು ಉತ್ತರಪತ್ರಿಕೆ ತಿದ್ದುತ್ತಿದ್ದಳು. 'ಆ ಸೊಕ್ಕೆಯ ಅಮ್ಮ ಏನಾದ್ರು?' ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಆರು ವಾರ ನಾನು ಯಾರನ್ನೂ ಕೇಳಿರಲಿಲ್ಲ. ಕೇಳಿದರೆ ಉತ್ತರ ಬರುತ್ತದೆಂಬ ಭಯ. 'ಮೊದಲು ಅದನ್ನು ನೋಡಿ ಬನ್ನಿ' ಎಂದಳು.

ಸೊಕ್ಕೆಯಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಆಕೆ ಜಗುಲಿಯ ಮೇಲೆ ಕಾಲು ಚಾಚಿಕೊಂಡು ಮೆಕ್ಕೆಜೋಳದ ತೆನೆ ಬಿಡಿಸುತ್ತಿದ್ದರು. ದಾವಣಗೆರೆಯಲ್ಲಿ ಕಾಲಿನ ಎರಡು ಬೆರಳು ತೆಗೆದಿದ್ದರು, ಗಾಯ ಒಣಗಿತ್ತು. ನಾನು ಯಾರೆಂದು ಹೇಳಬೇಕಾಯಿತು.

'ಓ, ಫೇಲಾದ ಡಾಕ್ಟ್ರು! ಬರ್ರಿ, ಕುಂತ್ಕಳ್ರಿ. ಪಾಸಾದ್ರಾ?'

'ಇನ್ನೂ ಇಲ್ಲಮ್ಮ.'

ನಾನು ಮಾಡಿದ ತಪ್ಪನ್ನು ಆಕೆಗೆ ಹೇಳಿದೆ. ಉಸಿರು ಎಣಿಸದೆ ಬರೆದೆ ಎಂದು. ಆಕೆ ಕೈಯ ತೆನೆ ಬಿಡಿಸಿ ಮುಗಿಸಿದರು. ಆಮೇಲೆ, 'ನೀವು ಕಿಟಕಿ ನೋಡ್ತಿದ್ರಿ. ನಾನು ನೋಡೀನಿ' ಎಂದರು. ಇನ್ನೊಂದು ತೆನೆ ಎತ್ತಿಕೊಂಡು, 'ಆ ಹುಡ್ಗಿ ಹಂಗಲ್ಲ. ನನ್ನ ಕೈ ಹೊಟ್ಟೆ ಮ್ಯಾಲಿಟ್ಟು ಬಾಳ ಹೊತ್ತು ಹಿಡ್ಕಂಡಿದ್ಲು. ಕೈ ತಣ್ಣಗಿತ್ತು ಅವಳದು' ಎಂದರು.

ಮಂಡಕ್ಕಿ ತಿಂದು, ಚಹಾ ಕುಡಿದು ಬಂದೆ. ದಾರಿಯುದ್ದಕ್ಕೂ ನನ್ನೊಳಗಿನ ಮೇಷ್ಟ್ರು ವಾದ ಮಾಡುತ್ತಿದ್ದ. ಆಕೆಗೆ ಆ ದಿನಗಳಲ್ಲಿ ಜ್ವರ, ನೋವು. ಕೈ ಹೊಟ್ಟೆಯ ಮೇಲಿಟ್ಟದ್ದು ಸಿಸ್ಟರಿರಬಹುದು. ಒಬ್ಬರ ನೆನಪು ಸಾಕ್ಷಿಯಲ್ಲ. ನನ್ನದೇ ನೆನಪನ್ನು ನಂಬದವನು ಆಕೆಯದನ್ನು ಹೇಗೆ ನಂಬಲಿ?

ರಜೆಯ ಹದಿನೈದು ದಿನದ ಪೋಸ್ಟಿಂಗಿನಲ್ಲಿ ನನಗೆ ಮಧ್ಯಾಹ್ನಗಳಲ್ಲಿ ದಾಖಲೆ ಕೋಣೆಯ ಕೆಲಸ ಕೊಟ್ಟರು: ಬಿಡುಗಡೆಯಾದವರ ಕೇಸ್ ಶೀಟುಗಳನ್ನು ನಂಬರಿನ ಪ್ರಕಾರ ಜೋಡಿಸಿ ಕಟ್ಟುವುದು. ಧೂಳು, ಒಂದು ಫ್ಯಾನು, ನಾನು. ಮೂರನೆಯ ದಿನ ಮಹಿಳೆಯರ ವಾರ್ಡಿನ ಆ ತಿಂಗಳ ಕಟ್ಟು ಕೈಗೆ ಬಂತು. ಸಿಸ್ಟರನ್ನು ಕೇಳಿದೆ, ಆ ಎರಡು ದಿನದ ಹನ್ನೆರಡೂ ಹಾಸಿಗೆಯ ಶೀಟು ತೆಗೆದು ನೋಡಬಹುದೇ ಎಂದು. 'ನೋಡ್ರಿ ಮೇಷ್ಟ್ರೇ. ಇಷ್ಟು ದಿನ ಯಾಕೆ ನೋಡಲಿಲ್ಲ ಅಂತ ನಾನೂ ನನ್ನ ಕೇಳ್ಕಬೇಕು' ಎಂದು ಅವರೇ ಬಂದು ಎದುರಿಗೆ ಕೂತರು. ಶೀಟುಗಳನ್ನು ಮೇಜಿನ ಮೇಲೆ ಹಾಸಿಗೆಯ ಕ್ರಮದಲ್ಲಿ ಹರಡಿದೆ.

ಕಂಡದ್ದನ್ನು ಪ್ರಾಂಶುಪಾಲರಿಗೆ ಬರೆದುಕೊಟ್ಟೆ. ಸಿಸ್ಟರೂ ಸಹಿ ಹಾಕಿದರು. ಕಾಲೇಜಿನ ದಾಖಲೆಯಲ್ಲಿ ನ್ಯಾಮತಿ ಹುಡುಗಿಯ ಹೆಸರಿನ ಮುಂದಿದ್ದ ಷರಾವನ್ನು ಪ್ರಾಂಶುಪಾಲರು ಹೊಡೆದುಹಾಕಿದರು. ಆ ಆದೇಶ ಬರುವಷ್ಟರಲ್ಲಿ ಅವಳ ಹದಿನೈದು ದಿನ ಹೆಚ್ಚುಕಡಿಮೆ ಮುಗಿದಿತ್ತು. ಪತ್ರದ ಪ್ರತಿಯನ್ನು ಅವಳಿಗೆ ಕೊಟ್ಟೆ. ನಿಂತಲ್ಲೇ ಪೂರ್ತಿ ಓದಿ, ಮಡಿಚಿ, ನನಗೇ ವಾಪಸು ಕೊಟ್ಟಳು.

'ಇದು ನಂಗೆ ಮೊದ್ಲೇ ಗೊತ್ತಿತ್ತಲ್ಲ ಸರ್' ಎಂದಳು.

ಪತ್ರದಲ್ಲಿದ್ದದ್ದು ಇಷ್ಟೇ. ನನ್ನ ಪಾಳಿಯ ದಿನ ಹನ್ನೆರಡು ಹಾಸಿಗೆಗೂ ಇಪ್ಪತ್ತು. ಅವಳ ಪಾಳಿಯ ದಿನ, ಒಂದರಿಂದ ಹನ್ನೆರಡರವರೆಗೆ: ಹದಿನೆಂಟು, ಇಪ್ಪತ್ತೆರಡು, ಹದಿನೇಳು, ಹದಿನಾರು, ಇಪ್ಪತ್ತನಾಲ್ಕು, ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೊಂದು, ಹದಿನೆಂಟು, ಇಪ್ಪತ್ತಮೂರು, ಹದಿನಾರು, ಹತ್ತೊಂಬತ್ತು. ಪೂರ್ತಿ ನಿಮಿಷದ ಬದಲು ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿದರೆ ಬೆಸ ಸಂಖ್ಯೆ ಬರುವುದಿಲ್ಲ. ಇಲ್ಲಿ ಐದು ಬೆಸ ಸಂಖ್ಯೆಗಳಿವೆ. ಇಪ್ಪತ್ತು ಇರುವುದು ಒಂದೇ ಕಡೆ, ಏಳನೇ ಹಾಸಿಗೆಯಲ್ಲಿ.